ಸತ್ತ ಭಾಗ ಬೇರೆ, ಕೊಂದ ಭಾಗ ಬೇರೆ: ಹಳೆಯ ಆಕ್ಟಿವ್ ಸ್ಪೀಕರ್‌ನ ಆಂಪ್ಲಿಫೈಯರ್ ರಿಪೇರಿ

ಎಂಬತ್ತರ ದಶಕದ ಒಂದು ಜೋಡಿ ಆಕ್ಟಿವ್ ಸ್ಪೀಕರ್ (ಆಂಪ್ಲಿಫೈಯರ್, ಚಿಕ್ಕದಾಗಿ ಆಂಪ್, ಡಬ್ಬದೊಳಗೇ ಇರುವಂಥದ್ದು) ನನ್ನ ಕೈಗೆ ಬಂತು. ಬಲಗಡೆಯ ಡಬ್ಬ ಚೆನ್ನಾಗಿ ಹಾಡುತ್ತಿತ್ತು. ಎಡಗಡೆಯದರಲ್ಲಿ ತೆಳು ದನಿಯ ಚಿಕ್ಕ ಟ್ವೀಟರ್ ಮಾತ್ರ ಕಿಚಕಿಚ ಅನ್ನುತ್ತಿತ್ತು, ದಪ್ಪ ದನಿಯ ದೊಡ್ಡ ವೂಫರ್‌ನಿಂದ ಉಸಿರೇ ಇಲ್ಲ. ಆಗ ನನಗೆ ಗೊತ್ತಿದ್ದದ್ದು ಸೋಲ್ಡರ್ ಮಾಡುವುದು, ಮಲ್ಟಿಮೀಟರ್ ಹಿಡಿಯುವುದು, ಅಷ್ಟೆ. ಹೊಸಬರಾದ ನಿಮಗೂ ಅಷ್ಟೇ ಗೊತ್ತಿದ್ದರೆ ಈ ಬರಹ ಸಾಕು. ಮೀಟರ್ ಹಿಡಿಯುವುದೂ ಹೊಸದು ಅಂದರೆ ಮೊದಲು ಬ್ಯಾಟರಿಯಿಂದ ನಡೆಯುವ ಸಾಮಾನಿನ ಮೇಲೆ ಕೈ ಪಳಗಿಸಿಕೊಳ್ಳಿ. ಇದರೊಳಗೆ ಮೇನ್ಸ್ ಕರೆಂಟ್ ಇರುತ್ತದೆ.

ತೆರೆಯುವ ಮೊದಲೇ ಅರ್ಧ ಪತ್ತೆ

ಮಾಮೂಲಿ ಸ್ಪೀಕರ್‌ನಲ್ಲಿ ಆಂಪ್ ಹೊರಗಿರುತ್ತದೆ. ಅದರಿಂದ ಬಂದ ದೊಡ್ಡ ಸಿಗ್ನಲ್ಲನ್ನು ಡಬ್ಬದೊಳಗಿನ ಕಾಯಿಲ್ ಮತ್ತು ಕೆಪಾಸಿಟರ್‌ಗಳು ವೂಫರ್‌ಗೆ ಇಷ್ಟು, ಟ್ವೀಟರ್‌ಗೆ ಇಷ್ಟು ಎಂದು ಹಂಚುತ್ತವೆ. ಆಕ್ಟಿವ್ ಸ್ಪೀಕರ್‌ನಲ್ಲಿ ಈ ಹಂಚಿಕೆ ಮೊದಲೇ, ಸಿಗ್ನಲ್ ಚಿಕ್ಕದಾಗಿರುವಾಗಲೇ ಮುಗಿಯುತ್ತದೆ. ಆಮೇಲೆ ವೂಫರ್‌ಗೆ ಒಂದು ಆಂಪ್, ಟ್ವೀಟರ್‌ಗೆ ಇನ್ನೊಂದು. ಪವರ್ ಸಪ್ಲೈ ಸಾಮಾನ್ಯವಾಗಿ ಇಬ್ಬರಿಗೂ ಒಂದೇ.

ಹಾಗಾಗಿ ಎರಡೂ ಸುಮ್ಮನಿದ್ದರೆ ಹಂಚಿಕೊಂಡಿರುವ ಭಾಗ ನೋಡಬೇಕು. ಮೇನ್ಸ್ ಫ್ಯೂಸ್, ಸ್ವಿಚ್, ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್, ಇನ್‌ಪುಟ್ ಹಂತ. ಒಂದು ಮಾತ್ರ ಸುಮ್ಮನಿದ್ದರೆ ಆ ವೂಫರ್ ಅಥವಾ ಟ್ವೀಟರ್, ಅದರ ಆಂಪ್, ಅದರ ಪಾಲಿನ ಸಿಗ್ನಲ್ ಬೇರ್ಪಡಿಸುವ ಫಿಲ್ಟರ್. ನನ್ನ ಡಬ್ಬದಲ್ಲಿ ಟ್ವೀಟರ್ ಹಾಡುತ್ತಿತ್ತಲ್ಲ, ಅಂದರೆ ಟ್ರಾನ್ಸ್‌ಫಾರ್ಮರ್ ಬದುಕಿದೆ, ಇನ್‌ಪುಟ್ ಬದುಕಿದೆ. ಸ್ಕ್ರೂಡ್ರೈವರ್ ಹಿಡಿಯದೆಯೇ ಅರ್ಧ ಬೋರ್ಡ್ ಲೆಕ್ಕದಿಂದ ಹೊರಗೆ ಹೋಯಿತು.

ಆನ್ ಮಾಡಿದಾಗಿನ ಸದ್ದುಗಳನ್ನೂ ಕೇಳಿಸಿಕೊಳ್ಳಿ. ಬಲಗಡೆಯ ಡಬ್ಬ ಮೂರು ಸೆಕೆಂಡ್ ಆದ ಮೇಲೆ ಒಳಗೆ ‘ಟಕ್’ ಅನ್ನುತ್ತಿತ್ತು. ಅದು ವೂಫರನ್ನು ಕಾಯುವ ರಿಲೇ, ಅಂದರೆ ಕರೆಂಟಿನಿಂದ ತಾನೇ ಹಾಕಿ ತೆಗೆಯುವ ಸ್ವಿಚ್. ಎಡಗಡೆಯದು ಅನ್ನುತ್ತಲೇ ಇರಲಿಲ್ಲ. ರಿಲೇ ಕೂರಲಿಲ್ಲ ಅಂದರೆ ಒಂದೋ ರಿಲೇ ಕೆಟ್ಟಿದೆ, ಇಲ್ಲವೇ ಆಂಪ್‌ನಿಂದ ಬರಬಾರದ್ದು ಬರುತ್ತಿದೆ ಅಂತ ಅದು ಬಾಗಿಲು ಹಾಕಿಕೊಂಡಿದೆ. ಎರಡನೆಯದೇ ಜಾಸ್ತಿ ಸಲ ನಿಜ.

ಡಬ್ಬದೊಳಗಿನ ಜೀವಂತ ಕರೆಂಟ್

ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಇರುತ್ತದೆ. ಪವರ್ ಸಪ್ಲೈಯ ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಇದರಲ್ಲಿ ಒಂದು ಮೋಸವಿದೆ. ಚೆನ್ನಾಗಿರುವ ಆಂಪ್ ಆ ಚಾರ್ಜನ್ನು ತಾನೇ ಸ್ವಲ್ಪ ಹೊತ್ತಿನಲ್ಲಿ ಕುಡಿದು ಖಾಲಿ ಮಾಡುತ್ತದೆ. ಕೆಟ್ಟ ಆಂಪ್‌ನಲ್ಲಿ ನಡುವಿನ ಫ್ಯೂಸ್ ಹೋಗಿದ್ದರೆ ಕುಡಿಯುವವರು ಕಡಿಮೆ, ಚಾರ್ಜ್ ಬಹಳ ಹೊತ್ತು ಹಾಗೇ ಕೂತಿರಬಹುದು. ಅಂದರೆ ನೀವು ಕೈ ಹಾಕುವ ಡಬ್ಬವೇ ಜಾಸ್ತಿ ಅಪಾಯದ್ದು.

ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. 220 ಓಮ್, 5 ವ್ಯಾಟ್‌ನ ಒಂದು ರೆಸಿಸ್ಟರ್‌ಗೆ ಎರಡು ವೈರ್, ವೈರ್ ತುದಿಗೆ ಎರಡು ಕ್ರಾಕಡೈಲ್ ಕ್ಲಿಪ್ ಹಾಕಿಟ್ಟುಕೊಳ್ಳಿ. ನನ್ನ ಡಬ್ಬದಲ್ಲಿದ್ದ 10,000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದರ ಮೂಲಕ ಖಾಲಿಯಾಗಲು ಹತ್ತು ಹನ್ನೆರಡು ಸೆಕೆಂಡ್ ಸಾಕು. ಆಮೇಲೆ ಮೀಟರ್ ಇಟ್ಟು ಸೊನ್ನೆ ನೋಡಿಯೇ ಕೈ ಹಾಕಿ. ಎರಡು ಕೆಪಾಸಿಟರ್ ಇದ್ದರೆ ಎರಡಕ್ಕೂ ಮಾಡಬೇಕು. ಒಂದನ್ನು ಮರೆಯುವುದು ಸುಲಭ.

ಎರಡನೆಯ ಸಾಧನ ಸೀರೀಸ್ ಬಲ್ಬ್. ಮೇನ್ಸ್‌ನ ಫೇಸ್ ವೈರಿನ ದಾರಿಯಲ್ಲಿ 60 ವ್ಯಾಟ್‌ನ ಹಳೇ ಕಾಲದ ಫಿಲಮೆಂಟ್ ಬಲ್ಬ್ ಒಂದನ್ನು ಕೂರಿಸುವುದು, ಅಷ್ಟೆ. ಎಲ್‌ಇಡಿ, ಸಿಎಫ್‌ಎಲ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಫಿಲಮೆಂಟ್ ತಣ್ಣಗಿದ್ದಾಗ ಅದರ ರೆಸಿಸ್ಟೆನ್ಸ್ ಕಡಿಮೆ, ಕಾದಾಗ ಹತ್ತು ಪಟ್ಟಿಗೂ ಮೀರಿ ಏರುತ್ತದೆ. ಆ ಗುಣವೇ ನಮಗೆ ಬೇಕಾದದ್ದು. ಆಂಪ್ ಸರಿಯಿದ್ದರೆ ಕೆಪಾಸಿಟರ್ ತುಂಬುವ ಹೊತ್ತು ಬಲ್ಬ್ ಒಮ್ಮೆ ಮಿಂಚಿ ಮಂಕಾಗುತ್ತದೆ. ಒಳಗೆ ಶಾರ್ಟ್ ಇದ್ದರೆ ಪೂರ್ತಿ ಉರಿಯುತ್ತಲೇ ಇರುತ್ತದೆ. 230 ವೋಲ್ಟ್ ಲೈನಿನಲ್ಲಿ ಉರಿಯುತ್ತಿರುವ 60 ವ್ಯಾಟ್ ಬಲ್ಬ್ ಸುಮಾರು ಕಾಲು ಆಂಪಿಯರ್‌ಗಿಂತ ಜಾಸ್ತಿ ಬಿಡುವುದಿಲ್ಲ. ಹಾಗಾಗಿ ಹೊಸ ಟ್ರಾನ್ಸಿಸ್ಟರ್ ಸುಡುವ ಬದಲು ಬಲ್ಬ್ ಉರಿಯುತ್ತದೆ. ಆದರೆ ನೆನಪಿಡಿ, ಬಲ್ಬ್ ಕಾಯುವುದು ಆಂಪ್ ಅನ್ನು, ನಿಮ್ಮನ್ನಲ್ಲ. ಶಾಕ್ ಹೊಡೆಯಲು ಅಷ್ಟು ಕರೆಂಟ್ ಬೇಕಾದಷ್ಟಾಯಿತು. ಹೋಲ್ಡರ್, ವೈರ್ ಎಲ್ಲವೂ ಮುಚ್ಚಿದ ಪೆಟ್ಟಿಗೆಯಲ್ಲಿರಲಿ. ಅರ್ಥ್ ವೈರ್ ಬಲ್ಬಿಗೆ ಹೋಗದೆ ನೇರವಾಗಿ ಡಬ್ಬಕ್ಕೆ ಹೋಗಲಿ.

ಜೋಡಿಯೇ ಸರ್ಕ್ಯೂಟ್ ಪುಸ್ತಕ

ಸರ್ವಿಸ್ ಮ್ಯಾನ್ಯುಯಲ್ ಸಿಕ್ಕರೆ ಅದೃಷ್ಟ. ಸಿಗದಿದ್ದರೂ ಚಿಂತೆಯಿಲ್ಲ, ಚೆನ್ನಾಗಿರುವ ಇನ್ನೊಂದು ಡಬ್ಬ ಪಕ್ಕದಲ್ಲೇ ಕೂತಿದೆ. ಒಂದು ಹಾಳೆಯಲ್ಲಿ ಎರಡು ಸಾಲು ಹಾಕಿದೆ, ಬಲ ಮತ್ತು ಎಡ. ಪ್ರತಿ ಅಳತೆಯನ್ನೂ ಮೊದಲು ಬಲಗಡೆಯದರಲ್ಲಿ ತೆಗೆದು ಬರೆದೆ, ಆಮೇಲೆ ಎಡಗಡೆಯದರಲ್ಲಿ. ಎಲ್ಲಿ ಎರಡು ಅಂಕಿ ಜಗಳ ಆಡುತ್ತವೋ ಅಲ್ಲಿ ನಿಲ್ಲುವುದು.

ಜೋಡಿ ಇಲ್ಲದ ಒಂಟಿ ಸ್ಪೀಕರ್ ಆದರೆ ಅದರದೇ ಟ್ವೀಟರ್ ಆಂಪ್ ನೋಡಿ. ಬಹಳಷ್ಟು ಸಲ ಅದು ವೂಫರ್ ಆಂಪ್‌ನ ತಮ್ಮನಂತೆಯೇ ಇರುತ್ತದೆ, ಅದೇ ಸರ್ಕ್ಯೂಟ್, ಸ್ವಲ್ಪ ಚಿಕ್ಕ ಟ್ರಾನ್ಸಿಸ್ಟರ್.

ಅಳೆಯುವಾಗ ಹೊಸಬರು ಮಾಡುವ ದೊಡ್ಡ ಅನಾಹುತ ಒಂದೇ. ಪ್ರೋಬ್ ಜಾರಿ ಪಕ್ಕಪಕ್ಕದ ಎರಡು ಕಾಲು ಮುಟ್ಟುವುದು. ‘ಚಿಟ್’ ಅಂದರೆ ಮುಗಿಯಿತು, ಹೊಸ ದೋಷ ಶುರು. ಕಪ್ಪು ವೈರನ್ನು ಕ್ಲಿಪ್ ಹಾಕಿ ಫಿಲ್ಟರ್ ಕೆಪಾಸಿಟರ್‌ಗಳು ಸೇರುವ ಗ್ರೌಂಡಿಗೆ ಕಟ್ಟಿಬಿಡಿ. ಕೆಂಪು ಪ್ರೋಬಿಗೆ ಸ್ಲೀವ್ ಹಾಕಿ ತುದಿ ಒಂದೆರಡು ಮಿಲಿಮೀಟರ್ ಮಾತ್ರ ಕಾಣುವಂತೆ ಮಾಡಿ. ಒಂದು ಕೈ ಕೆಲಸಕ್ಕೆ, ಇನ್ನೊಂದು ಕೈ ಜೇಬಿನಲ್ಲಿ.

ಪವರ್ ಸಪ್ಲೈಯಿಂದ ಔಟ್‌ಪುಟ್‌ವರೆಗೆ

ಮೊದಲು ಮೂಗು ಮತ್ತು ಕಣ್ಣು. ಸುಟ್ಟ ವಾಸನೆ, ಕಪ್ಪಾದ ರೆಸಿಸ್ಟರ್, ತಲೆ ಉಬ್ಬಿದ ಕೆಪಾಸಿಟರ್. ಹಳೆಯ ಬೋರ್ಡ್‌ಗಳಲ್ಲಿ ದೊಡ್ಡ ಭಾಗಗಳು ಅಲುಗಾಡದಿರಲಿ ಅಂತ ಹಾಕಿದ ಗೋಂದು ವರ್ಷಗಳಾದ ಮೇಲೆ ಕಂದು ಬಣ್ಣಕ್ಕೆ ತಿರುಗಿ ಕರೆಂಟ್ ಹಾಯಿಸಲು ಶುರು ಮಾಡುತ್ತದೆ, ಭಾಗಗಳ ಕಾಲನ್ನೂ ತಿನ್ನುತ್ತದೆ. ಕಂಡರೆ ಮೆಲ್ಲಗೆ ಕೆರೆದು ತೆಗೆಯಿರಿ. ನನ್ನ ಬೋರ್ಡಿನಲ್ಲಿ ಒಂದು ದಪ್ಪ ರೆಸಿಸ್ಟರ್ ಮೈ ಸೀಳಿತ್ತು. ಅಲ್ಲೇ ಹಾರಿ ಅದನ್ನು ಬದಲಿಸುವ ಆಸೆ ಬಂತು. ತಡೆದುಕೊಂಡೆ.

ಸೀರೀಸ್ ಬಲ್ಬ್ ಹಾಕಿ ಆನ್ ಮಾಡಿದೆ. ಮಿಂಚಿ ಮಂಕಾಯಿತು, ಶಾರ್ಟ್ ಇಲ್ಲ ಅನ್ನುವ ಹಾಗೆ. ಫಿಲ್ಟರ್ ಕೆಪಾಸಿಟರ್‌ಗಳ ಮೇಲೆ ಪ್ಲಸ್ 32, ಮೈನಸ್ 32 ವೋಲ್ಟ್. ಸರಿಯೇ ಇದೆ. ವೂಫರ್ ಆಂಪ್‌ನ ಫ್ಯೂಸ್‌ಗಳ ಆಚೆ ಅಳೆದರೆ ಮೈನಸ್ 32 ಇದೆ, ಪ್ಲಸ್ ಜಾಗದಲ್ಲಿ ಏನೂ ಇಲ್ಲ. ಫ್ಯೂಸ್ ಹೋಗಿದೆ. ಬಲ್ಬ್ ಸುಮ್ಮನಿದ್ದದ್ದೂ ಅದಕ್ಕೇ, ಶಾರ್ಟ್ ಆದ ಭಾಗಕ್ಕೆ ಕರೆಂಟೇ ತಲುಪುತ್ತಿರಲಿಲ್ಲ.

ಫ್ಯೂಸ್ ಸುಮ್ನೆ ಹೋಗುವುದು ಅಪರೂಪ. ಗಾಜಿನ ಒಳಗೆ ತಂತಿ ಒಂದು ಕಡೆ ಮೆಲ್ಲಗೆ ತುಂಡಾಗಿದ್ದರೆ ವಯಸ್ಸಿನಿಂದ ಹೋಗಿರಬಹುದು. ಗಾಜು ಕನ್ನಡಿಯಂತೆ ಕಪ್ಪು ಬೆಳ್ಳಿಯಾಗಿದ್ದರೆ ಜೋರು ಶಾರ್ಟ್. ನನ್ನದು ಕನ್ನಡಿಯಾಗಿತ್ತು. ಹೊಸದು ಹಾಕುವಾಗ ಅದೇ ಆಂಪಿಯರ್, ಅದೇ ಜಾತಿ ಇರಲಿ. ನಿಧಾನದ ಫ್ಯೂಸ್ ಇದ್ದಲ್ಲಿ ನಿಧಾನದ್ದು, ವೇಗದ್ದು ಇದ್ದಲ್ಲಿ ವೇಗದ್ದು. ದೊಡ್ಡ ಫ್ಯೂಸ್ ಹಾಕಿ ನೋಡೋಣ ಅನ್ನುವ ಯೋಚನೆ ಬಂದರೆ ಅವತ್ತಿಗೆ ಕೆಲಸ ನಿಲ್ಲಿಸಿ ಮಲಗಿ.

ಆಫ್ ಮಾಡಿ, ಕೆಪಾಸಿಟರ್ ಖಾಲಿ ಮಾಡಿ, ಮೀಟರನ್ನು ಡಯೋಡ್ ಸ್ಥಾನಕ್ಕೆ ತಿರುಗಿಸಿದೆ. ಹೀಟ್‌ಸಿಂಕ್ (ಶಾಖ ಹೊರಹಾಕುವ ಲೋಹದ ತಟ್ಟೆ) ಮೇಲಿನ ಲೋಹದ ಟೋಪಿಯಂಥ ಟ್ರಾನ್ಸಿಸ್ಟರ್‌ಗಳಲ್ಲಿ ಆ ಟೋಪಿಯೇ ಕಲೆಕ್ಟರ್, ಉಳಿದ ಎರಡು ಕಾಲು ಬೇಸ್ ಮತ್ತು ಎಮಿಟರ್. ಟ್ರಾನ್ಸಿಸ್ಟರ್‌ಗಳಲ್ಲಿ ಎನ್‌ಪಿಎನ್, ಪಿಎನ್‌ಪಿ ಎಂದು ಎರಡು ಜಾತಿ. ಎನ್‌ಪಿಎನ್ ಆದರೆ ಕೆಂಪು ಪ್ರೋಬ್ ಬೇಸ್ ಮೇಲೆ, ಕಪ್ಪು ಕಲೆಕ್ಟರ್ ಮೇಲೆ, ಆಮೇಲೆ ಎಮಿಟರ್ ಮೇಲೆ. ಎರಡೂ ಕಡೆ 0.5ರಿಂದ 0.7 ವೋಲ್ಟ್ ತೋರಿಸಬೇಕು. ಪ್ರೋಬ್ ಅದಲುಬದಲು ಮಾಡಿದರೆ ಏನೂ ಹಾಯಬಾರದು. ಕಲೆಕ್ಟರ್ ಎಮಿಟರ್ ನಡುವೆ ಯಾವ ಕಡೆಯಿಂದಲೂ ಹಾಯಬಾರದು. ಪಿಎನ್‌ಪಿ ಆದರೆ ಇದೆಲ್ಲ ತಿರುವುಮುರುವು. ಬೋರ್ಡಿನಲ್ಲೇ ಇಟ್ಟು ಅಳೆದಾಗ ಪಕ್ಕದ ರೆಸಿಸ್ಟರ್‌ಗಳು ನಡುವೆ ಬಾಯಿ ಹಾಕುತ್ತವೆ, ಅಂಕಿ ವಿಚಿತ್ರವಾಗಿ ಕಾಣುತ್ತದೆ. ಆಗ ಬಲಗಡೆಯ ಡಬ್ಬದ ಅದೇ ಜಾಗದ ಅಂಕಿ ನೋಡಿ.

ಎಡಗಡೆಯ ಎನ್‌ಪಿಎನ್ ಔಟ್‌ಪುಟ್ ಟ್ರಾನ್ಸಿಸ್ಟರ್ ಕಲೆಕ್ಟರ್‌ನಿಂದ ಎಮಿಟರ್‌ಗೆ ಬೀಪ್ ಅಂದಿತು. ಸತ್ತಿದೆ. ಅದರ ಹಿಂದೆ ನಿಂತು ಅದನ್ನು ನಡೆಸುವ ಡ್ರೈವರ್ ಟ್ರಾನ್ಸಿಸ್ಟರ್ ಕೂಡ ಹೋಗಿತ್ತು. ಮೈ ಸೀಳಿದ ರೆಸಿಸ್ಟರ್ ಇದರದೇ ಎಮಿಟರ್ ರೆಸಿಸ್ಟರ್, 0.33 ಓಮ್, ಪೂರ್ತಿ ತೆರೆದುಕೊಂಡಿತ್ತು. ಇಷ್ಟು ಚಿಕ್ಕ ಓಮ್ ಅಳೆಯುವಾಗ ಮೊದಲು ಎರಡು ಪ್ರೋಬ್ ಒಂದಕ್ಕೊಂದು ತಾಗಿಸಿ ಎಷ್ಟು ತೋರಿಸುತ್ತದೆ ನೋಡಿ, ಅದನ್ನು ಕಳೆಯಬೇಕು. ಪ್ರೋಬ್ ವೈರುಗಳದೇ 0.2, 0.3 ಓಮ್ ಇರುತ್ತದೆ.

ಪಿಎನ್‌ಪಿ ಸರಿಯಿದೆ ಅಂತ ಮೀಟರ್ ಹೇಳಿತು. ಅದನ್ನೂ ತೆಗೆದೆ. ಜೊತೆಯವನು ಶಾರ್ಟ್ ಆದಾಗ ಔಟ್‌ಪುಟ್ಟನ್ನು ಕೆಳಗೆಳೆಯಲು ಹೋಗಿ ಅದೂ ಸಾಕಷ್ಟು ಪೆಟ್ಟು ತಿಂದಿರುತ್ತದೆ.

ಕೊಂದವರು ಯಾರು?

ಇಲ್ಲಿ ಬಹಳ ಜನ ಹೊಸ ಟ್ರಾನ್ಸಿಸ್ಟರ್ ಹಾಕಿ ಆನ್ ಮಾಡುತ್ತಾರೆ. ಒಂದು ನಿಮಿಷ ಹಾಡುತ್ತದೆ, ಆಮೇಲೆ ಹೊಸದೂ ಹೋಗುತ್ತದೆ. ಔಟ್‌ಪುಟ್ ಟ್ರಾನ್ಸಿಸ್ಟರ್ ತಾನಾಗಿಯೇ ಸಾಯುವುದು ಕಡಿಮೆ. ಯಾರೋ ಕೊಂದಿರುತ್ತಾರೆ.

ಶಂಕಿತರು ನಾಲ್ಕೈದು. ಸ್ಪೀಕರ್ ವೈರ್ ಶಾರ್ಟ್ ಅಥವಾ ವೂಫರ್ ಕಾಯಿಲ್ ಸುಟ್ಟಿರುವುದು. ಹೀಟ್‌ಸಿಂಕ್ ಪೇಸ್ಟ್ ಒಣಗಿ ಸುಣ್ಣದಂತಾಗಿ ಶಾಖ ಹೊರಹೋಗದಿರುವುದು. ಸಿಗ್ನಲ್ ಇಲ್ಲದೆಯೂ ಆಂಪ್ ಕಿವಿಗೆ ಕೇಳಿಸದಷ್ಟು ಎತ್ತರದ ದನಿಯಲ್ಲಿ ತಾನೇ ಕೂಗಿಕೊಳ್ಳುವುದು (ಆಸಿಲೇಷನ್). ಬಯಾಸ್ ಹದ ತಪ್ಪುವುದು. ವೂಫರ್ ಅಳೆದೆ, 6 ಓಮ್. 8 ಓಮ್ ಅಂತ ಬರೆದ ವೂಫರ್ ಮೀಟರ್‌ನಲ್ಲಿ ಅಷ್ಟೇ ತೋರಿಸುತ್ತದೆ, ಸರಿ. 1.5 ವೋಲ್ಟ್ ಸೆಲ್ ತಾಗಿಸಿದರೆ ‘ಧಪ್’ ಅಂತ ಕೋನ್ ಅಲುಗಿತು, ಕೆರೆತವಿಲ್ಲ. ಈ ಸೆಲ್ ಪರೀಕ್ಷೆ ಟ್ವೀಟರ್‌ಗೆ ಬೇಡ. ಪೇಸ್ಟ್ ಒಣಗಿತ್ತು, ಆದರೆ ಬಲಗಡೆಯದರಲ್ಲೂ ಒಣಗಿತ್ತು, ಅದು ಬದುಕಿದೆ. ಉಳಿದವುಗಳಲ್ಲಿ ಮೊದಲು ಹಿಡಿದದ್ದು ಬಯಾಸ್.

ಬಯಾಸ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಎಬಿ ಕ್ಲಾಸ್ ಆಂಪ್‌ನಲ್ಲಿ ಸಿಗ್ನಲ್‌ನ ಮೇಲರ್ಧವನ್ನು ಒಂದು ಟ್ರಾನ್ಸಿಸ್ಟರ್, ಕೆಳಗರ್ಧವನ್ನು ಇನ್ನೊಂದು ತಳ್ಳುತ್ತದೆ. ಒಬ್ಬ ಬಿಡುವ ಹೊತ್ತಿಗೆ ಇನ್ನೊಬ್ಬ ಹಿಡಿಯಬೇಕು. ಅದಕ್ಕೆ ಇಬ್ಬರೂ ಸದಾ ಸ್ವಲ್ಪ ಎಚ್ಚರವಾಗಿರಲಿ ಅಂತ ಬಿಡುವ ಸಣ್ಣ ಕರೆಂಟೇ ಬಯಾಸ್. ಕಡಿಮೆಯಾದರೆ ಮೆಲು ದನಿಯಲ್ಲಿ ಹಾಡು ಒರಟಾಗುತ್ತದೆ. ಜಾಸ್ತಿಯಾದರೆ ಕಾಯುತ್ತದೆ, ಕಾದಷ್ಟೂ ಇನ್ನೂ ಜಾಸ್ತಿ ಹರಿಯುತ್ತದೆ, ಕೊನೆಗೆ ಸುಡುತ್ತದೆ. ಈ ಹದವನ್ನು ಹಿಡಿಯುವುದು ಹೀಟ್‌ಸಿಂಕ್‌ಗೆ ಅಂಟಿಕೊಂಡ ಒಂದು ಚಿಕ್ಕ ಟ್ರಾನ್ಸಿಸ್ಟರ್. ಅದನ್ನು ಹೊಂದಿಸುವುದು ಪಕ್ಕದಲ್ಲಿರುವ ಒಂದು ಪ್ರಿಸೆಟ್, ಅಂದರೆ ತಿರುಗಿಸಿ ಓಮ್ ಬದಲಿಸುವ ಚಿಕ್ಕ ರೆಸಿಸ್ಟರ್.

ಬಯಾಸ್ ಟ್ರಾನ್ಸಿಸ್ಟರ್ ಅಳೆದೆ, ಚೆನ್ನಾಗಿತ್ತು. ಪ್ರಿಸೆಟ್ ಬಿಚ್ಚಿ ಮೀಟರ್‌ಗೆ ಹಾಕಿ ಮೆಲ್ಲಗೆ ತಿರುಗಿಸಿದೆ. 200, 230, 260... ಆಮೇಲೆ ಏನೂ ಇಲ್ಲ. ಮತ್ತೆ 400. ಒಳಗಿನ ಟ್ರ್ಯಾಕ್ ಮೇಲೆ ಜಾರುವ ಕಾಲು ಒಂದು ಜಾಗದಲ್ಲಿ ಹಿಡಿತ ಬಿಡುತ್ತಿತ್ತು. ಎಷ್ಟೋ ವರ್ಷ ಅದು ನಿಂತಿದ್ದ ಜಾಗವೂ ಹೆಚ್ಚುಕಡಿಮೆ ಅದೇ.

ಪ್ರಿಸೆಟ್ ಬಿಟ್ಟರೆ ಏನಾಗುತ್ತದೆ ಅನ್ನುವುದು ಅದು ಎಲ್ಲಿ ಕೂತಿದೆ ಅನ್ನುವುದರ ಮೇಲಿದೆ. ಬಯಾಸ್ ಟ್ರಾನ್ಸಿಸ್ಟರ್‌ನ ಬೇಸ್ ಎಮಿಟರ್ ನಡುವೆ ಇದ್ದರೆ, ಹಿಡಿತ ಬಿಟ್ಟಾಗ ಟ್ರಾನ್ಸಿಸ್ಟರ್ ಪೂರ್ತಿ ತೆರೆದುಕೊಂಡು ಬಯಾಸ್ ಇಳಿಯುತ್ತದೆ. ಹಾಡು ಒರಟಾಗುತ್ತದೆ, ಅಷ್ಟೆ. ಕಲೆಕ್ಟರ್ ಬೇಸ್ ನಡುವೆ ಇದ್ದರೆ ಟ್ರಾನ್ಸಿಸ್ಟರ್ ಮುಚ್ಚಿಕೊಳ್ಳುತ್ತದೆ, ಬಯಾಸ್ ಒಮ್ಮೆಲೇ ಆಕಾಶಕ್ಕೆ ಹೋಗುತ್ತದೆ, ಎರಡೂ ಔಟ್‌ಪುಟ್ ಟ್ರಾನ್ಸಿಸ್ಟರ್ ಒಟ್ಟಿಗೆ ತೆರೆದುಕೊಳ್ಳುತ್ತವೆ. ನನ್ನ ಬೋರ್ಡಿನಲ್ಲಿ ಅದು ಕಲೆಕ್ಟರ್ ಬೇಸ್ ನಡುವೆಯೇ ಇತ್ತು. ಕೊಲೆಗಾರ ಸಿಕ್ಕಿಬಿದ್ದ. ಒಂದು ಬಟಾಣಿ ಗಾತ್ರದ ವಸ್ತು.

ಮುಚ್ಚಿದ ಮೈಯ, ಹಲವು ಸುತ್ತು ತಿರುಗುವ ಹೊಸ ಪ್ರಿಸೆಟ್ ಹಾಕಿದೆ. ಹಳೆಯದರ ಮೂರನೆಯ ಕಾಲು ಗಾಳಿಯಲ್ಲಿತ್ತು. ಹೊಸದರ ಆ ಕಾಲನ್ನು ಜಾರುವ ಕಾಲಿಗೆ ಸೇರಿಸಿದೆ. ಇನ್ನು ಮುಂದೆ ಹಿಡಿತ ಬಿಟ್ಟರೂ ದಾರಿ ಪೂರ್ತಿ ತುಂಡಾಗುವುದಿಲ್ಲ, ಪ್ರಿಸೆಟ್‌ನ ಪೂರಾ ಬೆಲೆಯಾದರೂ ಉಳಿಯುತ್ತದೆ.

ಹೊಸ ಭಾಗ ಹಾಕುವಾಗ

ಟ್ರಾನ್ಸಿಸ್ಟರ್ ವಿಷಯದಲ್ಲಿ ನಂಬರ್ ಒಂದೇ ಅಂದರೆ ಸಾಮಾನೂ ಒಂದೇ ಅಂತಲ್ಲ. ಉದಾಹರಣೆಗೆ 2ಎನ್3055 ಎಂಬ ಔಟ್‌ಪುಟ್ ಟ್ರಾನ್ಸಿಸ್ಟರನ್ನೇ ನೋಡಿ. ಮೊದಲು ಬಂದವು ನಿಧಾನದವು, ಸುಮಾರು 0.8 ಮೆಗಾಹರ್ಟ್ಸ್‌ನವು. ಆಮೇಲೆ ತಯಾರಿಸುವ ರೀತಿ ಬದಲಾಯಿತು, ಈಗಿನವು 2.5 ಮೆಗಾಹರ್ಟ್ಸ್ ಅಥವಾ ಅದಕ್ಕೂ ಮೇಲೆ. ಹಳೆಯ ಸರ್ಕ್ಯೂಟಿಗೆ ವೇಗದ ಟ್ರಾನ್ಸಿಸ್ಟರ್ ಹಾಕಿದರೆ ಕೆಲವೊಮ್ಮೆ ಆಂಪ್ ತಾನೇ ಕೂಗತೊಡಗುತ್ತದೆ. ಕಿವಿಗೆ ಕೇಳಿಸುವುದಿಲ್ಲ, ಹಾಡಿಲ್ಲದೆಯೂ ಹೀಟ್‌ಸಿಂಕ್ ಕಾಯುತ್ತದೆ. ಔಟ್‌ಪುಟ್‌ನಲ್ಲಿ 10 ಓಮ್ ರೆಸಿಸ್ಟರ್ ಮತ್ತು 100 ನ್ಯಾನೋಫ್ಯಾರಡ್ ಕೆಪಾಸಿಟರ್ ಒಟ್ಟಿಗೆ ಇರುತ್ತವೆ ನೋಡಿ, ಆ ರೆಸಿಸ್ಟರ್ ಕಪ್ಪಾಗಿದ್ದರೆ ಇದೇ ಕಥೆ. ನಕಲಿ ಟ್ರಾನ್ಸಿಸ್ಟರ್‌ಗಳೂ ಬಹಳ. ತಯಾರಕರ ಅಧಿಕೃತ ಮಾರಾಟಗಾರರಿಂದಲೇ ತರಿಸಿ.

ಟ್ರಾನ್ಸಿಸ್ಟರ್ ಕೆಳಗೆ ಕರೆಂಟ್ ಹಾಯದಂತೆ ತಡೆಯುವ ಮೈಕಾ ಹಾಳೆ ಹರಿದಿದ್ದರೆ ಬದಲಿಸಿ. ಎರಡೂ ಬದಿಗೆ ತೆಳುವಾಗಿ ಪೇಸ್ಟ್. ಬ್ರೆಡ್ಡಿಗೆ ಬೆಣ್ಣೆ ಹಚ್ಚಿದಂತೆ ಬೇಡ. ಸ್ಕ್ರೂ ಬಿಗಿದ ಮೇಲೆ ಟೋಪಿಗೂ ಹೀಟ್‌ಸಿಂಕ್‌ಗೂ ನಡುವೆ ಮೀಟರ್ ಬೀಪ್ ಅನ್ನಬಾರದು.

ಕೆಪಾಸಿಟರ್‌ಗಳನ್ನೆಲ್ಲ ಒಟ್ಟಿಗೆ ಬದಲಿಸಿಬಿಡಿ ಅನ್ನುವ ಸಲಹೆ ನಿಮಗೂ ಸಿಗುತ್ತದೆ. ಇದಕ್ಕೂ ಮೊದಲು ಒಂದು ಡಬ್ಬದಲ್ಲಿ ನಾನು ಹಾಗೆ ಮಾಡಿದ್ದೆ. ಒಂದು ತಿರುಗಾಮುರುಗಾ ಕೂತಿತು. ಹಳೆಯ ದೋಷದ ಜೊತೆ ನನ್ನದೇ ಒಂದು ಹೊಸ ದೋಷ ಸೇರಿ ಯಾವುದು ಯಾವುದೆಂದು ತಿಳಿಯದೆ ವಾರಗಟ್ಟಲೆ ಒದ್ದಾಡಿದೆ. ಮೊದಲು ದೋಷ ಹುಡುಕಿ, ಆಂಪ್ ಹಾಡಲಿ. ಬದಲಿಸುವುದಿದ್ದರೆ ಆಮೇಲೆ, ಒಂದೊಂದಾಗಿ. ಹೀಟ್‌ಸಿಂಕ್ ಪಕ್ಕದ ಚಿಕ್ಕ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಮೊದಲು. ಬಿಸಿ 10 ಡಿಗ್ರಿ ಏರಿದರೆ ಅವುಗಳ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ವೋಲ್ಟ್ ಅಷ್ಟೇ ಅಥವಾ ಜಾಸ್ತಿ ಇರಲಿ, 105 ಡಿಗ್ರಿಯವು ಒಳ್ಳೆಯದು.

ಮತ್ತೆ ಆನ್

ವೂಫರ್ ಬಿಚ್ಚಿಟ್ಟು, ಇನ್‌ಪುಟ್ ಶಾರ್ಟ್ ಮಾಡಿ, ಪ್ರಿಸೆಟ್ಟನ್ನು ಬಯಾಸ್ ಅತಿ ಕಡಿಮೆ ಇರುವ ಕಡೆಗೆ ತಿರುಗಿಸಿ, ಸೀರೀಸ್ ಬಲ್ಬ್ ಮೂಲಕ ಆನ್ ಮಾಡಿದೆ. ನನ್ನ ಸರ್ಕ್ಯೂಟಿನಲ್ಲಿ ಆ ಕಡೆ ಅಂದರೆ ಪ್ರಿಸೆಟ್ ಸೊನ್ನೆ ಓಮ್. ನಿಮ್ಮದರಲ್ಲಿ ಉಲ್ಟಾ ಇರಬಹುದು, ಮೊದಲೇ ದಾರಿ ನೋಡಿಕೊಳ್ಳಿ. ಬಲ್ಬ್ ಮಿಂಚಿತು, ಮಂಕಾಯಿತು. ಮೂರು ಸೆಕೆಂಡಿಗೆ ‘ಟಕ್’.

ಆ ಸದ್ದು ಕೇಳಿ ಕುಣಿಯುವ ಮೊದಲು ಔಟ್‌ಪುಟ್‌ನಲ್ಲಿ ಡಿಸಿ ಅಳೆಯಿರಿ. ಪ್ಲಸ್ ಮೈನಸ್ ಎರಡು ಸಪ್ಲೈ ಇರುವ ಆಂಪ್‌ನಲ್ಲಿ ಅದು ಸೊನ್ನೆಯ ಹತ್ತಿರ, 50 ಮಿಲಿವೋಲ್ಟ್ ಒಳಗೆ ಇರಬೇಕು. ನನ್ನದು 14. ಎಪ್ಪತ್ತರ ದಶಕದ ಕೆಲವು ಆಂಪ್‌ಗಳಲ್ಲಿ ಒಂದೇ ಸಪ್ಲೈ, ಔಟ್‌ಪುಟ್‌ಗೆ ದೊಡ್ಡ ಕೆಪಾಸಿಟರ್ ಇರುತ್ತದೆ. ಅಲ್ಲಿ ಕೆಪಾಸಿಟರ್‌ನ ಹಿಂದೆ ಸಪ್ಲೈಯ ಅರ್ಧ ಸಿಗಬೇಕು, 60 ಇದ್ದರೆ 30.

ಬಲ್ಬ್ ತೆಗೆದು ಬಯಾಸ್ ಹೊಂದಿಸುವುದು. ಎರಡು ಎಮಿಟರ್ ರೆಸಿಸ್ಟರ್‌ಗಳ ಆಚೀಚೆ ತುದಿಗೆ ಮೀಟರ್. ಎರಡೂ ಸೇರಿ 0.66 ಓಮ್, ಬಲಗಡೆಯ ಡಬ್ಬ 19 ಮಿಲಿವೋಲ್ಟ್ ತೋರಿಸಿತ್ತು. ಭಾಗಿಸಿದರೆ ಸುಮಾರು 29 ಮಿಲಿಆಂಪಿಯರ್. ಎಡಗಡೆಯದನ್ನೂ ಮೆಲ್ಲಗೆ ಅಲ್ಲಿಗೆ ತಂದೆ. ಇಪ್ಪತ್ತು ನಿಮಿಷ ಬಿಟ್ಟು ಕಾದ ಮೇಲೆ ಮತ್ತೆ ಹೊಂದಿಸಿದೆ. ಅಂಕಿ ತಾನಾಗಿ ಏರುತ್ತಲೇ ಹೋದರೆ ಆಫ್ ಮಾಡಿ. ಬಯಾಸ್ ಟ್ರಾನ್ಸಿಸ್ಟರ್ ಹೀಟ್‌ಸಿಂಕ್‌ಗೆ ಸರಿಯಾಗಿ ಅಂಟಿಲ್ಲ ಅಂತ ಅರ್ಥ.

ಮೊದಲ ಹಾಡಿಗೆ ಅಸಲಿ ವೂಫರ್ ಬೇಡ. ಹೋದರೂ ಬೇಸರವಿಲ್ಲದ ಒಂದು ಹಳೆಯ ಸ್ಪೀಕರ್ ಕಟ್ಟಿ. ಇದಕ್ಕೊಂದು ಅಪವಾದ ಇದೆ. ಎಪ್ಪತ್ತರ ದಶಕದ ಫಿಲಿಪ್ಸ್ ಎಂಎಫ್‌ಬಿಯಂಥ (ಮೋಷನಲ್ ಫೀಡ್‌ಬ್ಯಾಕ್) ಸ್ಪೀಕರ್‌ಗಳಲ್ಲಿ ವೂಫರ್ ಕೋನಿಗೇ ಒಂದು ಸೆನ್ಸರ್ ಇದ್ದು, ಕೋನ್ ಹೇಗೆ ಅಲುಗಿತು ಅಂತ ಆಂಪ್‌ಗೆ ವಾಪಸ್ ಹೇಳುತ್ತದೆ. ಬೇರೆ ಸ್ಪೀಕರ್ ಕಟ್ಟಿದರೆ ಆ ಸುದ್ದಿ ಬರುವುದಿಲ್ಲ, ಬಾಸ್ ವಿಚಿತ್ರವಾಗಿ ಕೇಳುತ್ತದೆ. ಅದನ್ನು ದೋಷ ಅಂದುಕೊಂಡು ಮತ್ತೆ ಬಿಚ್ಚಬೇಡಿ.

ಬೇರೆ ರೋಗಗಳು, ಚುಟುಕಾಗಿ

ವಾಲ್ಯೂಮ್ ಎಷ್ಟಿದ್ದರೂ ಒಂದೇ ಸಮ ಗುಂಯ್‌ಗುಡುವಿಕೆ ಇದ್ದರೆ ಫಿಲ್ಟರ್ ಕೆಪಾಸಿಟರ್ ನೋಡಿ. 50 ಹರ್ಟ್ಸ್ ಮೇನ್ಸ್‌ನಲ್ಲಿ ಇದು 100 ಹರ್ಟ್ಸ್, ಸ್ವಲ್ಪ ಒರಟು. ಇನ್ನೂ ದಪ್ಪನೆಯ 50 ಹರ್ಟ್ಸ್ ಆದರೆ ಇನ್‌ಪುಟ್ ವೈರಿನ ಗ್ರೌಂಡ್ ಬಿಟ್ಟಿರಬಹುದು, ಇಲ್ಲವೇ ರೆಕ್ಟಿಫೈಯರ್‌ನ ಒಂದು ಡಯೋಡ್ ಹೋಗಿರಬಹುದು. ವಾಲ್ಯೂಮ್ ಜೋರು ಮಾಡಿದ ಮೇಲೆಯೇ ಸರಿಯಾಗಿ ಕೇಳಿಸಲು ಶುರುವಾದರೆ ರಿಲೇ ಕಾಂಟ್ಯಾಕ್ಟ್ ಕಿಲುಬು ಹಿಡಿದಿದೆ. ಡಬ್ಬ ತಟ್ಟಿದರೆ ಸದ್ದು ಬಂದುಹೋಗುವುದು ಡ್ರೈ ಸೋಲ್ಡರ್, ಅಂದರೆ ಹಿಡಿತ ಬಿಟ್ಟ ಬೆಸುಗೆ. ಭಾರದ ಭಾಗಗಳ ಕಾಲು, ಕನೆಕ್ಟರ್ ಪಿನ್‌ಗಳ ಸುತ್ತ ಭೂತಗನ್ನಡಿಯಲ್ಲಿ ಕೂದಲೆಳೆಯ ಉಂಗುರ ಕಾಣುತ್ತದೆ. ಹಾಡಿಲ್ಲದಾಗಲೂ ಪಟಪಟ ಅನ್ನುತ್ತಿದ್ದರೆ ಆರಂಭದ ಹಂತದ ಯಾವುದೋ ಟ್ರಾನ್ಸಿಸ್ಟರ್. ಬಾಸ್ ಬಂದಾಗ ಮಾತ್ರ ಬರ್‍ರ್ ಅಂದರೆ ಆಂಪ್ ಬಿಡಿ, ಮೊದಲು ವೂಫರ್ ಅಂಚಿನ ಫೋಮ್ ಮುಟ್ಟಿ ನೋಡಿ. ಪುಡಿಯಾಗಿ ಉದುರುತ್ತಿರುತ್ತದೆ.

ಮುಚ್ಚುವಾಗ ವೂಫರ್ ಮತ್ತು ಟ್ವೀಟರ್ ವೈರುಗಳ ಪ್ಲಸ್ ಮೈನಸ್ ಮೊದಲಿನಂತೆಯೇ ಇರಲಿ. ಬಿಚ್ಚುವಾಗಲೇ ಫೋಟೋ ತೆಗೆದಿದ್ದರೆ ಬಚಾವ್. ವೂಫರ್ ಸುತ್ತಲಿನ ಗ್ಯಾಸ್ಕೆಟ್ ಗಾಳಿ ಬಿಡದಂತೆ ಕೂರಲಿ.

ಎಡಗಡೆಯ ಡಬ್ಬ ಹಾಡತೊಡಗಿದ ಮೇಲೆ ಒಂದು ಅನುಮಾನ ಕೊರೆಯಿತು. ಬಲಗಡೆಯದರ ಪ್ರಿಸೆಟ್ಟನ್ನು ಅಲ್ಲಿವರೆಗೆ ನಾನು ಮುಟ್ಟಿರಲಿಲ್ಲ, ಅಂಕಿ ಮಾತ್ರ ನೋಡಿದ್ದೆ. ಬಿಚ್ಚಿ ಮೀಟರ್‌ಗೆ ಹಾಕಿ ತಿರುಗಿಸಿದೆ. 210, 240, 270, ಆಮೇಲೆ ಏನೂ ಇಲ್ಲ. ಅದನ್ನೂ ಅವತ್ತೇ ಬದಲಿಸಿದೆ.